ಕೊಟ್ಟೂರಿನಲ್ಲಿ ಹಲ್ಲಿನ ಕ್ಲಿನಿಕ್ ತೆರೆದ ತಂಗಿಗೆ

ತಂಗೀ, ದಾವಣಗೆರೆಯಲ್ಲಿ ಓದು ಮುಗಿಸಿದವರು ಬಹುಪಾಲು ಬೆಂಗಳೂರಿನ ಬಸ್ಸು ಹತ್ತುವ ಕಾಲದಲ್ಲಿ ನೀನು ಕೊಟ್ಟೂರಿಗೆ ಬಂದು ಬೋರ್ಡು ಹಾಕಿದೆ. ನನಗೆ ಬಹಳ ಸಂತೋಷವಾಗಿದೆ. ಹಲ್ಲಿನ ಮುಂಭಾಗಕ್ಕೆ ತೆಳು ಪದರ ಅಂಟಿಸುವ ವೆನೀರ್ ಕೆಲಸ ಚೆನ್ನಾಗಿ ಕಲಿತು ಬಂದಿದ್ದೀಯ, ಈ ಕಡೆ ಅದಕ್ಕೆ ಜನ ಬರುತ್ತಾರಾ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಸಮಾಧಾನವಾಗಿ ಉತ್ತರ ಕೊಡಬೇಕು ಅನ್ನಿಸಿತು.

ಬರುತ್ತಾರೆ ತಂಗೀ. ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಬರುತ್ತಾರೆ. ಕೂಡ್ಲಿಗಿ ಕಡೆಯಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ, ಹರಪನಹಳ್ಳಿಯ ಒಳಹಳ್ಳಿಗಳಿಂದ ಬರುತ್ತಾರೆ. ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೈದರ ಪ್ರಾಯದವರು. ಮಾತಾಡುವಾಗ ತುಟಿ ಬಿಗಿಹಿಡಿದಿರುತ್ತಾರೆ, ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಜೊತೆಗೆ ಬಂದ ತಾಯಿಯೋ ಅಣ್ಣನೋ ಮೊದಲು ಬಾಯಿ ಬಿಡುತ್ತಾರೆ: "ಮುಂದಿನ ಹಲ್ಲಿಗೆಲ್ಲಾ ಕ್ಯಾಪ್ ಹಾಕಿಬಿಡ್ರಿ ಮೇಡಂ, ಮುಂದಿನ ತಿಂಗಳು ಹೆಣ್ಣು ನೋಡಾಕ ಬರ್ತಾರ." ಈ ಒಂದು ಮಾತಿಗೆ ನೀನು ಏನು ಉತ್ತರ ಕೊಡುತ್ತೀಯ ಎನ್ನುವುದರ ಮೇಲೆ ಆ ಹುಡುಗಿಯ ಮುಂದಿನ ನಲವತ್ತು ವರ್ಷದ ಹಲ್ಲು ನಿಂತಿರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಅವಳ ಹಲ್ಲಿನ ಮೇಲೆ ಉಳಿದಿರುವ ಎನಾಮೆಲ್ಲನ್ನು ಆದಷ್ಟೂ ಮುಟ್ಟಬೇಡ. ಮುಟ್ಟಲೇಬೇಕಾಗಿ ಬಂದರೆ ಕಡಿಮೆ ಮುಟ್ಟು, ಕಡೆಗೆ ಮುಟ್ಟು.

ನಮ್ಮ ಕಡೆಯ ಹಲ್ಲಿನ ಕಂದು ಕಲೆ ಎಲ್ಲಿಂದ ಬಂತೆಂದು ನಿನಗೆ ಗೊತ್ತಿದೆ, ಆದರೂ ಒಮ್ಮೆ ನೆನಪು ಮಾಡಿಕೋ. ಇದು ಗ್ರಾನೈಟ್, ನೈಸ್ ಶಿಲೆಗಳ ಒಣ ನೆಲ. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ. ಕೆರೆ ಬತ್ತಿದ ಮೇಲೆ ಜನ ಕೊಳವೆಬಾವಿ ಹಿಡಿದರು, ನೀರು ಇಳಿದಂತೆಲ್ಲ ಬೋರು ಆಳಕ್ಕೆ ಹೋಯಿತು. ಆಳದಲ್ಲಿ ಕಲ್ಲಿನ ಸಂದಿಯೊಳಗೆ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ನಮ್ಮ ಹಲವು ಹಳ್ಳಿಗಳ ಬೋರ್ ನೀರು ಈ ಗಡಿ ದಾಟಿದ್ದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಮೇಲಾಗಿ ನಮ್ಮ ಬಿಸಿಲು. ಬಿಸಿಲ ನಾಡಿನ ಮಗು ತಂಪು ನಾಡಿನ ಮಗುವಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಆದ್ದರಿಂದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಅಷ್ಟೇ ಇದ್ದರೂ ಮೈಗೆ ಸೇರುವುದು ಹೆಚ್ಚು.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನ ಮಕ್ಕಳ ಕಂದು ಹಲ್ಲುಗಳ ಬೆನ್ನು ಹತ್ತಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಿಂದ ಮೂವತ್ತು ವರ್ಷ ಹುಡುಕಿದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ನಮ್ಮ ದೇಶದಲ್ಲಿ ಫ್ಲೋರೈಡಿನ ಈ ರೋಗ, ಅಂದರೆ ಫ್ಲೋರೋಸಿಸ್, ಮೊದಲು ವರದಿಯಾದದ್ದು 1937ರಲ್ಲಿ, ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯಿಂದ. ಆಗ ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯೂ ಅದೇ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರಲ್ಲಿ ಬಳ್ಳಾರಿ ಮೈಸೂರು ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ತಾಲ್ಲೂಕುಗಳೆಲ್ಲ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಇಷ್ಟು ಸಲ ಬದಲಾದರೂ ಹಲ್ಲಿನ ಕಲೆ ಮಾತ್ರ ಅಜ್ಜಿಯಿಂದ ಮೊಮ್ಮಗಳವರೆಗೆ ಹಾಗೇ ಬಂದಿದೆ. ಹಡಗಲಿ, ಮೈಲಾರದ ಕಡೆ ಹೊಳೆ ದಂಡೆಯಲ್ಲಿ ತುಂಗಭದ್ರೆಯ ನೀರು ಕುಡಿದು ಬೆಳೆದವರ ಹಲ್ಲನ್ನೂ ಬರೀ ಬೋರ್ ನೀರು ಕುಡಿದು ಬೆಳೆದವರ ಹಲ್ಲನ್ನೂ ಒಟ್ಟಿಗೆ ನೋಡು, ನೀರಿನ ಕಥೆ ನಿನಗೇ ಕಾಣುತ್ತದೆ.

ಈಗ ಕುರ್ಚಿಯ ಮೇಲೆ ಕೂತ ಹುಡುಗಿಯ ಹಲ್ಲು ನೋಡೋಣ. ಮೊದಲು ಹಲ್ಲಿನ ಬಣ್ಣದ ಶೇಡ್ ತೆಗೆದುಕೋ, ಹಲ್ಲು ಒದ್ದೆ ಇರುವಾಗಲೇ, ಕಿಟಕಿಯ ಬೆಳಕಿನಲ್ಲಿ. ಬಾಯಿ ತೆರೆದು ಹತ್ತು ನಿಮಿಷ ಕೂತರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಆಮೇಲೆ ತೆಗೆದ ಶೇಡ್ ಸುಳ್ಳು ಹೇಳುತ್ತದೆ. ಶೇಡ್ ಆದ ಮೇಲೆ ಗಾಳಿಯ ಸಿರಿಂಜು ಹಿಡಿದು ಮೇಲಿನ ಎರಡು ಬಾಚಿಹಲ್ಲುಗಳ ಮೇಲೆ ಮೆಲ್ಲಗೆ ಊದು. ಒದ್ದೆಯಿದ್ದಾಗ ಕಾಣದಿದ್ದ ಸುಣ್ಣದಂಥ ಬಿಳಿ ಪಟ್ಟೆಗಳು ಅಡ್ಡಡ್ಡ ಎದ್ದು ಬರುತ್ತವೆ. ಕಲೆ ಎಷ್ಟು ಆಳಕ್ಕಿದೆ ಎನ್ನುವುದರ ಮೊದಲ ಸುಳಿವು ಅದು. ಊದಿದಾಗ ಮಾತ್ರ ಕಾಣುವ ಪಟ್ಟೆ ಮೇಲುಮೇಲಿನದು. ಒದ್ದೆಯಲ್ಲೂ ಎದ್ದು ಕಾಣುವುದು ಇನ್ನೂ ಒಳಗಿನದು. ಕಂದು ಬಣ್ಣವಂತೂ ಹುಟ್ಟುವಾಗ ಇರುವುದೇ ಇಲ್ಲ. ಫ್ಲೋರೈಡಿನಿಂದ ಎನಾಮೆಲ್ಲಿನ ಒಳಪದರ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿ ಬೆಳೆದಿರುತ್ತದೆ, ಹಲ್ಲು ಬಾಯಿಗೆ ಬಂದ ಮೇಲೆ ಚಹಾ, ಸಾರು, ಎಲೆಅಡಿಕೆಯ ಬಣ್ಣ ಅದರೊಳಗೆ ಸೇರಿಕೊಳ್ಳುತ್ತದೆ. ಹೊರಗಿಂದ ಬಂದ ಬಣ್ಣ ಎಂದ ಮೇಲೆ ಬಹಳಷ್ಟನ್ನು ಹಲ್ಲು ಕೊರೆಯದೆಯೇ ತೆಗೆಯಬಹುದು. ಇದನ್ನು ಮರೆತು ಕೊರೆಯುವ ಬರ್ ಎತ್ತಿಕೊಳ್ಳುವವರೇ ಹೆಚ್ಚು.

ಮೇಲಿನ ಬಾಚಿಹಲ್ಲಿನ ಎನಾಮೆಲ್ ತುದಿಯ ಹತ್ತಿರ ಸುಮಾರು 1 ಮಿಲಿಮೀಟರ್ ದಪ್ಪವಿರುತ್ತದೆ. ನಡುವಿಗೆ ಬಂದರೆ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ವಸಡಿನ ಅಂಚಿಗೆ ಬಂದರೆ 0.3ರಿಂದ 0.4, ಅಂದರೆ ನೋಟ್‌ಬುಕ್ಕಿನ ನಾಲ್ಕೈದು ಹಾಳೆ. ಅದರಾಚೆ ಡೆಂಟಿನ್. ಆ ಎಳೆ ಹುಡುಗಿಗೆ ಆರು ಹಲ್ಲಿಗೆ ಕ್ಯಾಪ್ ಹಾಕಿದರೆ ಏನಾಗುತ್ತದೆ ಗೊತ್ತೇ? 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸನ್ ಬೇರೆ ಬೇರೆ ಬಗೆಯ ಕೊರೆತದಲ್ಲಿ ಹಲ್ಲು ಎಷ್ಟು ಹೋಗುತ್ತದೆಂದು ತೂಕ ಹಾಕಿ ನೋಡಿದರು. ಪೂರ್ತಿ ಕ್ಯಾಪಿಗೆ ಹಲ್ಲಿನ ಮೇಲ್ಭಾಗದ ಶೇ. 63ರಿಂದ 72 ಹೋಗುತ್ತದೆ, ವೆನೀರ್ ಬಗೆಯ ಕೆಲಸಕ್ಕೆ ಶೇ. 3ರಿಂದ 30. ಎಳೆಯ ವಯಸ್ಸಿನಲ್ಲಿ ಹಲ್ಲಿನ ನರದ ಕೋಣೆ ದೊಡ್ಡದು. ಮೂರರಲ್ಲಿ ಎರಡು ಪಾಲು ಹಲ್ಲು ತೆಗೆದ ಮೇಲೆ ನರ ಸಾಯುವುದು, ರೂಟ್ ಕೆನಾಲ್ ಮಾಡಿಸುವುದು, ಹದಿನೈದು ವರ್ಷಕ್ಕೆ ಕ್ಯಾಪ್ ಬದಲಿಸುವುದು, ಆಮೇಲೆ ಹಲ್ಲೇ ಮುರಿಯುವುದು, ಇದೆಲ್ಲ ಒಂದರ ಹಿಂದೆ ಒಂದು ಬರಬಹುದು. ಹೆಣ್ಣು ನೋಡುವ ಶಾಸ್ತ್ರ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ ತಂಗೀ.

ಅದಕ್ಕೇ ಮೊದಲು ಔಷಧದಿಂದ ತಿಳಿ ಮಾಡು. ಚೆನ್ನಾಗಿ ಕ್ಲೀನಿಂಗ್ ಮಾಡಿ, ವಸಡು ಗಟ್ಟಿಯಾದ ಮೇಲೆ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಟ್ರೇ ಕೊಟ್ಟು ರಾತ್ರಿ ಹಾಕಿಕೊಳ್ಳಲು ಹೇಳು. ಹೇವುಡ್ ಮತ್ತು ಹೇಮನ್ 1989ರಲ್ಲಿ ಬರೆದ ವಿಧಾನ ಇದು, ಇವತ್ತಿಗೂ ಇದಕ್ಕಿಂತ ಸೌಮ್ಯವಾದದ್ದು ನನಗೆ ಕಂಡಿಲ್ಲ. ಮೊದಲ ಕೆಲವು ದಿನ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣುತ್ತವೆ. ಇದನ್ನು ಮುಂಚೆಯೇ ಹೇಳಿರದಿದ್ದರೆ ಮೂರನೇ ದಿನ ಬೆಳಗ್ಗೆ ಇಡೀ ಮನೆಯವರು ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸುತ್ತಲಿನ ಹಲ್ಲು ತಿಳಿಯಾದಂತೆ ಮಚ್ಚೆ ಅದರಲ್ಲಿ ಬೆರೆಯುತ್ತದೆ. ಇದಾದ ಮೇಲೂ ಕಂದು ಉಳಿದರೆ ಮೈಕ್ರೋಅಬ್ರೇಷನ್. ರಬ್ಬರ್ ಡ್ಯಾಮ್ ಕಟ್ಟಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಒರಟು ಪುಡಿಯ ಪೇಸ್ಟನ್ನು ರಬ್ಬರ್ ಕಪ್ಪಿನಲ್ಲಿ ನಿಧಾನವಾಗಿ ಉಜ್ಜುವ ಕೆಲಸ. ಹೋಗುವ ಎನಾಮೆಲ್ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕಣ್ಣೆದುರಿಗೇ ಕಂದು ಅಳಿಯುತ್ತದೆ. ಮಧ್ಯಮ ಫ್ಲೋರೋಸಿಸ್ಸಿನ ಎಷ್ಟೋ ಹಲ್ಲುಗಳಿಗೆ ಇಲ್ಲಿಗೇ ಸಾಕಾಗುತ್ತದೆ, ಹುಡುಗಿ ಕನ್ನಡಿ ನೋಡಿ ತೃಪ್ತಿಯಿಂದ ಮನೆಗೆ ಹೋಗುತ್ತಾಳೆ, ವೆನೀರಿನ ಮಾತೇ ಬರುವುದಿಲ್ಲ. ಬಿಳಿ ಮಚ್ಚೆ ಹಟ ಹಿಡಿದರೆ ರೆಸಿನ್ ಇನ್‌ಫಿಲ್ಟ್ರೇಷನ್ ಇದೆ. ರಂಧ್ರಗಳೊಳಗೆ ತೆಳು ರೆಸಿನ್ ಇಳಿಸಿದರೆ ಬೆಳಕು ಚದುರುವುದು ಕಡಿಮೆಯಾಗಿ ಮಚ್ಚೆ ಮಸುಕಾಗುತ್ತದೆ.

ಈ ಕೆಲಸಗಳಲ್ಲಿ ದುಡ್ಡು ಕಡಿಮೆ ಬರುತ್ತದೆ, ಕುರ್ಚಿಯ ಸಮಯ ಹೆಚ್ಚು ಹೋಗುತ್ತದೆ. ನಿಜ. ಹೊಸ ಕ್ಲಿನಿಕ್ಕಿನ ಸಾಲದ ಕಂತು ನನಗೂ ಗೊತ್ತು. ಆದರೂ ಒಂದು ಹಳ್ಳಿಯಿಂದ ಒಬ್ಬಳು ಹಲ್ಲು ಕೊರೆಸಿಕೊಳ್ಳದೆ ನಗುತ್ತಾ ಹೋದರೆ ಆ ಓಣಿಯ ಉಳಿದವರು ತಾವಾಗಿ ಬರುತ್ತಾರೆ. ನಮ್ಮಲ್ಲಿ ಒಂದೇ ನೀರು ಕುಡಿದ ಓಣಿಗೆಲ್ಲ ಒಂದೇ ಕಲೆ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ವೆನೀರ್ ಬೇಕಾಗುವವರು ಇದ್ದಾರೆ. ಮೇಲ್ಮೈ ಗುಳಿಬಿದ್ದವರು, ತುದಿ ಚಕ್ಕೆ ಎದ್ದವರು, ಬಣ್ಣ ಆಳಕ್ಕೆ ಇಳಿದವರು. ಆಗಲೂ ಮೊದಲು ಮಾಡಿದ ಬ್ಲೀಚಿಂಗ್ ವ್ಯರ್ಥವಾಗುವುದಿಲ್ಲ. ಸೆರಾಮಿಕ್ಕಿನಲ್ಲಿ ಒಂದು ಶೇಡ್ ಬದಲಿಸಲು ಸುಮಾರು 0.2ರಿಂದ 0.3 ಮಿಲಿಮೀಟರ್ ದಪ್ಪ ಬೇಕು. ಕೆಳಗಿನ ಹಲ್ಲು ಕಪ್ಪಗಿದ್ದಷ್ಟೂ ಅದನ್ನು ಮುಚ್ಚಲು ಸೆರಾಮಿಕ್ ದಪ್ಪಗಾಗಬೇಕು, ದಪ್ಪಕ್ಕೆ ಜಾಗ ಬೇಕೆಂದು ಹಲ್ಲು ಕೊರೆಯಬೇಕು. ಹಲ್ಲನ್ನೇ ಮೊದಲು ನಾಲ್ಕು ಶೇಡ್ ತಿಳಿ ಮಾಡಿಕೊಂಡರೆ ಅಷ್ಟೂ ಎನಾಮೆಲ್ ಉಳಿಯಿತು. ಬ್ಲೀಚಿಂಗ್ ಮುಗಿದು ಎರಡು ವಾರ ಬಿಡು. ಹಲ್ಲಿನೊಳಗೆ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ.

ಬಡವರ ಮನೆಯ ಹುಡುಗ, ವಯಸ್ಸು ಇನ್ನೂ ಹದಿನೇಳು, ವಸಡು ಇನ್ನೂ ತನ್ನ ಜಾಗಕ್ಕೆ ಇಳಿದಿಲ್ಲ ಎಂದಾದರೆ ಕಾಂಪೋಸಿಟ್ ವೆನೀರ್ ಮಾಡು. ಒಂದೇ ಭೇಟಿಯಲ್ಲಿ ಆಗುತ್ತದೆ, ಲ್ಯಾಬ್ ಖರ್ಚಿಲ್ಲ, ಚಕ್ಕೆ ಎದ್ದರೆ ನೀನೇ ಸರಿಮಾಡಬಹುದು. ಐದಾರು ವರ್ಷದಲ್ಲಿ ಹೊಳಪು ಮಾಸುತ್ತದೆ, ನಡುನಡುವೆ ಪಾಲಿಶ್ ಬೇಕು ಎಂದು ಮೊದಲೇ ಹೇಳು. ಸೆರಾಮಿಕ್ಕೇ ದೊಡ್ಡದು, ಕಾಂಪೋಸಿಟ್ ಕೀಳು ಎಂಬ ಭಾವನೆ ನಮ್ಮ ಸಹೋದ್ಯೋಗಿಗಳಲ್ಲಿ ಬಹಳ ಇದೆ. ನಾನು ಒಪ್ಪುವುದಿಲ್ಲ. ಚೆನ್ನಾಗಿ ಪದರ ಪದರವಾಗಿ ಕಟ್ಟಿದ ಕಾಂಪೋಸಿಟ್ ನಮ್ಮ ತಾಲ್ಲೂಕುಗಳಿಗೆ ಹೇಳಿ ಮಾಡಿಸಿದ ಚಿಕಿತ್ಸೆ.

ಸೆರಾಮಿಕ್ಕಿಗೆ ಇಳಿದರೆ ಆತುರ ಬೇಡ. ಮೇಣದಲ್ಲಿ ವ್ಯಾಕ್ಸಪ್ ಮಾಡಿಸಿ, ಅದರ ಅಚ್ಚಿನಿಂದ ಬಾಯಲ್ಲೇ ಮಾದರಿ ಹಲ್ಲು ಕೂರಿಸಿ ತೋರಿಸು. ಅವಳು ನಗಲಿ, ಮಾತಾಡಲಿ, ತಾಯಿ ನೋಡಲಿ. ಒಪ್ಪಿದ ಮೇಲೆ ಆ ಮಾದರಿಯ ಮೇಲಿನಿಂದಲೇ ಆಳದ ಗೆರೆ ಕೊರೆ. ನೇರ ಹಲ್ಲಿನ ಮೇಲೆ 0.5 ಕೊರೆದರೆ 0.5 ಹೋಗುತ್ತದೆ, ಮಾದರಿಯ ಮೇಲಿನಿಂದ ಕೊರೆದರೆ, ಹಲ್ಲು ಒಳಗೆ ಸರಿದಿದ್ದ ಕಡೆ ಬರ್ ಎನಾಮೆಲ್ಲನ್ನು ಮುಟ್ಟುವುದೇ ಇಲ್ಲ. ವಸಡಿನ ಅಂಚಿನಲ್ಲಿ 0.3 ದಾಟಬೇಡ, ಗಡಿಯನ್ನು ವಸಡಿನ ಮೇಲೇ ನಿಲ್ಲಿಸು. ಎನಾಮೆಲ್ಲಿಗೆ ಅಂಟಿದ ಸೆರಾಮಿಕ್ ಹತ್ತು ವರ್ಷವಾದರೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ನಿಂತಿರುತ್ತದೆ. ಡೆಂಟಿನ್ನಿಗೆ ಅಂಟಿದ್ದಕ್ಕೆ ಆ ಭರವಸೆ ಇಲ್ಲ. 1955ರಲ್ಲಿ ಬುವೊನೊಕೋರ್ ಆಮ್ಲ ಹಚ್ಚಿ ಎನಾಮೆಲ್ಲಿಗೆ ರೆಸಿನ್ ಅಂಟಿಸಿ ತೋರಿಸಿದ. 1983ರಲ್ಲಿ ಸೈಮನ್ಸನ್ ಮತ್ತು ಕಲಾಮಿಯ ಪಿಂಗಾಣಿಯ ಒಳಮೈಗೂ ಆಮ್ಲ ಹಚ್ಚಿ ಅಂಟು ಗಟ್ಟಿ ಮಾಡಿದರು. ಅದಕ್ಕೂ ಮುಂಚೆ ಹಾಲಿವುಡ್ ನಟರಿಗೆ ಚಾರ್ಲ್ಸ್ ಪಿಂಕಸ್ ಅಂಟಿಸುತ್ತಿದ್ದ ತೆಳು ಹಲ್ಲುಗಳು ಶೂಟಿಂಗ್ ಮುಗಿಯುವವರೆಗಷ್ಟೇ ನಿಲ್ಲುತ್ತಿದ್ದವು. ವೆನೀರನ್ನು ಬಾಯಲ್ಲಿ ಹಿಡಿದಿಡುವುದೇ ಎನಾಮೆಲ್.

ನಮ್ಮ ಫ್ಲೋರೈಡ್ ಹಲ್ಲಿನಲ್ಲಿ ಒಂದು ವಿಶೇಷವಿದೆ, ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ಕುರ್ಚಿಯ ಪಕ್ಕದಲ್ಲಿ ದಿನವೂ ಎದುರಾಗುತ್ತದೆ. ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು, ಒಣಗಿಸಿದರೆ ಸಾಮಾನ್ಯ ಎನಾಮೆಲ್ ಮಂಜು ಹಿಡಿದ ಗಾಜಿನಂತೆ ಮಾಸಲು ಬಿಳಿಯಾಗುತ್ತದೆ. ಫ್ಲೋರೈಡ್ ಹಲ್ಲಿನಲ್ಲಿ ಕೆಲವು ಕಡೆ ಹೊಳಪು ಹಾಗೇ ಉಳಿದಿರುತ್ತದೆ, ಏಕೆಂದರೆ ಅದರ ಹೊರಪದರ ಖನಿಜ ತುಂಬಿ ಆಮ್ಲಕ್ಕೆ ಬಗ್ಗುವುದಿಲ್ಲ. ಹೊಳೆಯುವ ಆ ಜಾಗಕ್ಕೆ ಅಂಟು ಹಿಡಿಯುವುದಿಲ್ಲ. ಮೇಲ್ಪದರವನ್ನು ಸಣ್ಣಗೆ ಒರಟು ಮಾಡಿ ಮತ್ತೆ ಹಚ್ಚು, ಹೆಚ್ಚು ಹೊತ್ತು ಬಿಡು, ಪೂರ್ತಿ ಮಾಸಲಾಗುವವರೆಗೆ ಮುಂದೆ ಹೋಗಬೇಡ. ವೆನೀರ್ ಕಳಚಿ ಬಂದರೆ ಸಿಮೆಂಟಿನ ಕಂಪನಿಯನ್ನು ಬೈಯುವವರು ಈ ಹೊಳಪನ್ನು ನೋಡಿರುವುದಿಲ್ಲ.

ಊರಿನ ಕಷ್ಟಗಳನ್ನೂ ಲೆಕ್ಕಕ್ಕೆ ತೆಗೆದುಕೋ. ಏಪ್ರಿಲ್, ಮೇ ಬಿಸಿಲಿಗೆ ಬಾಂಡಿಂಗ್ ಬಾಟಲಿ, ಸೈಲೇನ್, ಸಿಮೆಂಟ್ ಕೆಡುತ್ತವೆ, ಫ್ರಿಜ್ಜಿನಲ್ಲಿಡು. ಹಚ್ಚುವ ಮುಂಚೆ ಹೊರಗಿಟ್ಟು ತಂಪು ಬಿಡಿಸು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಅಂಟಿಸುವ ದಿನ ಲೈಟ್ ಕ್ಯೂರ್ ಬ್ಯಾಟರಿ ತುಂಬಿರಲಿ, ಯುಪಿಎಸ್ ಇರಲಿ. ಕುರ್ಚಿಯ ನೀರಿನ ಬಾಟಲಿಗೆ ಬೋರ್ ನೀರು ಹಾಕಬೇಡ, ಗಡಸು ನೀರಿಗೆ ಹ್ಯಾಂಡ್‌ಪೀಸಿನ ತೂತು ಕಟ್ಟಿ ನೀರು ನಿಂತರೆ ಕೊರೆಯುವಾಗ ಹಲ್ಲು ಸುಡುತ್ತದೆ. ಡಿಸ್ಟಿಲ್ಡ್ ನೀರೇ ಹಾಕು. ಲ್ಯಾಬ್ ದೂರದಲ್ಲಿದೆ, ತಂತ್ರಜ್ಞ ಹುಡುಗಿಯ ಮುಖ ನೋಡಿರುವುದಿಲ್ಲ, ಆದ್ದರಿಂದ ಒದ್ದೆ ಹಲ್ಲಿನ ಫೋಟೊ, ಶೇಡ್ ಗೈಡ್ ಪಕ್ಕದಲ್ಲಿಟ್ಟ ಫೋಟೊ, ನಗುವಿನ ಫೋಟೊ ಎಲ್ಲ ಕಳಿಸು. ಹಾಲಿನಂಥ ಒಂದೇ ಬಿಳುಪು ಕೇಳಬೇಡ. ನಮ್ಮ ಮೈಬಣ್ಣಕ್ಕೆ ಸ್ವಲ್ಪ ಬೆಚ್ಚಗಿನ ಶೇಡೇ ಒಪ್ಪುತ್ತದೆ, ಓಣಿಯ ಜನ "ಹಲ್ಲು ಕಟ್ಟಿಸ್ಯಾರ" ಅನ್ನದ ಹಾಗೆ ಇರಬೇಕು.

ಯಾರಿಗೆ ಬೇಡ ಅನ್ನಬೇಕು ಎನ್ನುವುದೂ ವಿದ್ಯೆಯೇ. ರಾತ್ರಿ ಹಲ್ಲು ಕಡಿಯುವವರು, ಮೇಲಿನ ಕೆಳಗಿನ ತುದಿ ನೇರ ತಾಗುವವರು, ಗುಟ್ಕಾ ಬಿಡಲು ಒಪ್ಪದವರು, ಎನಾಮೆಲ್ಲೇ ಎದ್ದುಹೋಗಿ ಡೆಂಟಿನ್ ಕಾಣುವವರು. ಕೊನೆಯವರನ್ನು ದಾವಣಗೆರೆಯ ಬಾಪೂಜಿ ದಂತ ಕಾಲೇಜಿಗೋ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೋ ಚೀಟಿ ಬರೆದು ಕಳಿಸು, ಅದರಲ್ಲಿ ಅವಮಾನವೇನಿಲ್ಲ. ವೆನೀರ್ ಹಾಕಿಸಿಕೊಂಡವರಿಗೆ ನಮ್ಮ ಊರಿನ ಭಾಷೆಯಲ್ಲೇ ಹೇಳು: ಶೇಂಗಾ ಕಾಯಿ ಹಲ್ಲಿನಿಂದ ಒಡೆಯಬಾರದು, ಕಬ್ಬು ಸಿಗಿಯಬಾರದು, ಖಡಕ್ ರೊಟ್ಟಿ ಮುರಿದು ಒಳಹಲ್ಲಿನಲ್ಲಿ ಅಗಿಯಬೇಕು, ಬಟ್ಟೆ ಹೊಲಿಯುವವರು ದಾರ ಕತ್ತರಿಯಲ್ಲೇ ಕತ್ತರಿಸಬೇಕು. ಮಿರ್ಚಿ ಮಂಡಕ್ಕಿ ಧಾರಾಳವಾಗಿ ತಿನ್ನಲಿ. ಒಪ್ಪಿಗೆ ಹುಡುಗಿಯಿಂದಲೇ ತೆಗೆದುಕೋ. ಅಣ್ಣನ ಮಾತು ಕೇಳು, ಆದರೆ ಅವನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಮ್ಮೆ ಕೇಳು, ನಿನಗೆ ಏನು ಬೇಕು ಅಂತ. ಕೆಲವರು ಆಗ ಮಾತ್ರ ಬಾಯಿಬಿಟ್ಟು, ನನಗೆ ನನ್ನ ಹಲ್ಲು ಹೀಗೇ ಇದ್ದರೂ ಪರವಾಗಿಲ್ಲ ಅನ್ನುತ್ತಾರೆ. ಅದನ್ನೂ ಗೌರವಿಸು.

ಕೊನೆಯದಾಗಿ ನೀರಿನ ಮಾತು, ನನ್ನ ಮಟ್ಟಿಗೆ ಇದೇ ದೊಡ್ಡದು. ಪ್ರತಿ ಫ್ಲೋರೈಡ್ ಹಲ್ಲಿನ ರೋಗಿಗೂ ಎರಡು ಪ್ರಶ್ನೆ ಕೇಳು: ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ, ಅವರು ಯಾವ ನೀರು ಕುಡಿಯುತ್ತಾರೆ? ಮುಂದಿನ ಶಾಶ್ವತ ಹಲ್ಲುಗಳ ಎನಾಮೆಲ್ ದವಡೆಯೊಳಗೆ ಕಟ್ಟಿಕೊಳ್ಳುವುದು ಮೊದಲ ನಾಲ್ಕೈದು ವರ್ಷಗಳಲ್ಲಿ, ಅದರಲ್ಲೂ ಎರಡನೇ, ಮೂರನೇ ವರ್ಷ ಬಹಳ ಸೂಕ್ಷ್ಮ. ಹಲ್ಲು ಹೊರಬಂದು ಕಲೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿ ಹೋದಷ್ಟೂ ಹೆಚ್ಚುತ್ತದೆ. ಇದು ಬಹಳ ತಾಯಂದಿರಿಗೆ ಗೊತ್ತಿಲ್ಲ. ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಹೋಗುವುದಿಲ್ಲ. ಹಳ್ಳಿಯ ಶುದ್ಧ ನೀರಿನ ಘಟಕದ ಕ್ಯಾನ್ ನೀರೋ, ಹೊಳೆಯಿಂದ ಬರುವ ನಲ್ಲಿ ನೀರೋ, ಸ್ವಚ್ಛವಾಗಿ ಹಿಡಿದ ಮಳೆನೀರೋ ಮಗುವಿಗೆ ಕುಡಿಯಲಿಕ್ಕೂ ಅಡುಗೆಗೂ ಇರಲಿ. ದುಡ್ಡು ಕೊಟ್ಟು ತಂದ ಕ್ಯಾನ್ ನೀರನ್ನು ದೊಡ್ಡವರು ಕುಡಿದು, ಮಗುವಿನ ಗಂಜಿಗೆ ಬೋರ್ ನೀರು ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಆರು ವರ್ಷದೊಳಗಿನವರಿಗೆ ಪೇಸ್ಟು ಚಿಟಿಕೆಯಷ್ಟೇ ಹಾಕಲಿ, ನುಂಗದ ಹಾಗೆ ದೊಡ್ಡವರು ನಿಂತು ತಿಕ್ಕಿಸಲಿ. ಘಟಕ ಕೆಟ್ಟು ನಿಂತ ಹಳ್ಳಿಯವರು ಬಂದರೆ ಪಂಚಾಯಿತಿಗೆ ಅರ್ಜಿ ಬರೆದುಕೊಡು, ಡಾಕ್ಟರ ಸೀಲಿಗೆ ಇನ್ನೂ ಬೆಲೆ ಇದೆ.

ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡುತ್ತಾರೆ. ಈ ವಾರವೇ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನಿನ್ನ ಕ್ಲಿನಿಕ್ಕಿನ ಬೋರ್ ನೀರನ್ನೂ ಹತ್ತಿರದ ಅಂಗನವಾಡಿಯ ನೀರನ್ನೂ ಕಳಿಸು. ಬಂದ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ರೋಗಿಗಳು ಕೂರುವ ಬೆಂಚಿನ ಎದುರಿನ ಗೋಡೆಗೆ ಅಂಟಿಸು.